ಪಿಕಪ್ ಕೊಟ್ಟಾಗ ನಡುಗುವ ಕಾರು: ಮಾಲೀಕನೊಬ್ಬನ ವಿಮರ್ಶೆ

ಮೊದಲು ತೀರ್ಪು, ಆಮೇಲೆ ಕಾರಣ. ಕಾರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಅದನ್ನು ನೋಡಿಕೊಳ್ಳುವ ಸರ್ವಿಸ್ ವ್ಯವಸ್ಥೆಗೆ ಎರಡು. ಆ ಎರಡರಲ್ಲಿ ಒಂದೂವರೆ ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನಿಗೆ ಸಲ್ಲಬೇಕು.

ಕಂಪನಿಯ ಹೆಸರು ಬರೆಯುತ್ತಿಲ್ಲ. ಮುಂದೊಂದು ಹಿಂದೊಂದು ಮೋಟರ್, ನಾಲ್ಕೂ ಚಕ್ರಕ್ಕೆ ಶಕ್ತಿ, ಕಾರಿನ ಎತ್ತರ ಏರಿಸಿ ಇಳಿಸಬಲ್ಲ ಏರ್ ಸಸ್ಪೆನ್ಷನ್, ಎರಡು ಟನ್ ದಾಟಿದ ತೂಕ ಇರುವ ದುಬಾರಿ ಎಲೆಕ್ಟ್ರಿಕ್ ಎಸ್‌ಯುವಿ ನಿಮ್ಮ ಹತ್ತಿರವೂ ಇದ್ದರೆ, ಬಾನೆಟ್ ಮೇಲೆ ಯಾವ ಲಾಂಛನ ಇದ್ದರೂ ಈ ಮಾತು ನಿಮಗೂ ಬೇಕಾದೀತು. ಯಾಕೆಂದರೆ ತೊಂದರೆ ಹುಟ್ಟುವುದು ಮೋಟರಿನಲ್ಲೂ ಅಲ್ಲ, ಬ್ಯಾಟರಿಯಲ್ಲೂ ಅಲ್ಲ. ಮೋಟರಿನಿಂದ ಚಕ್ರಕ್ಕೆ ಹೋಗುವ ಗಿಡ್ಡ ಉಕ್ಕಿನ ಶಾಫ್ಟಿನಲ್ಲಿ. ಹಾಫ್ ಶಾಫ್ಟ್ ಎನ್ನುತ್ತಾರೆ, ಗ್ಯಾರೇಜಿನವರ ಬಾಯಲ್ಲಿ ಅದು ಆಕ್ಸಲ್.

ಒಳ್ಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೀಟು, ಸದ್ದಿಲ್ಲದ ಓಟ, ಪೆಡಲಿನಿಂದ ಕಾಲೆತ್ತಿದರೆ ಬ್ರೇಕ್ ಮುಟ್ಟದೆಯೇ ಕಾರು ಹದವಾಗಿ ನಿಧಾನವಾಗುವ ರೀತಿ, ಇವು ಯಾವುದರ ಬಗ್ಗೆಯೂ ನನಗೆ ತಕರಾರಿಲ್ಲ. ದೂರದ ಪ್ರಯಾಣ ಮುಗಿಸಿ ಇಳಿದಾಗ ಬೆನ್ನು ಹಿಡಿದುಕೊಂಡಿರುವುದಿಲ್ಲ. ಬ್ಯಾಟರಿ ಹೇಳಿದಷ್ಟು ದೂರವನ್ನು ಹೆಚ್ಚುಕಡಿಮೆ ಕೊಡುತ್ತದೆ. ಮನೆಯಲ್ಲಿ ಎಲ್ಲರಿಗೂ ಇಷ್ಟದ ಕಾರು.

ತೊಂದರೆ ಹೀಗೆ. ನೇರ ರಸ್ತೆ, ವೇಗ ಗಂಟೆಗೆ ನಲವತ್ತೋ ಐವತ್ತೋ ಕಿಲೋಮೀಟರ್. ಮುಂದಿನ ಲಾರಿಯನ್ನು ದಾಟಬೇಕು ಎಂದು ಪೆಡಲ್ ಜೋರಾಗಿ ಒತ್ತಿದರೆ ಕಾರಿನ ಮೂತಿ ಅಡ್ಡಡ್ಡ ಅದುರುತ್ತದೆ. ನಡುಕ ಸ್ಟಿಯರಿಂಗ್‌ಗಿಂತ ನೆಲಹಾಸಿನಲ್ಲಿ, ಸೀಟಿನ ಬುಡದಲ್ಲಿ ಹೆಚ್ಚು. ಕಾಲು ಸಡಿಲಿಸಿದ ಕ್ಷಣ ಮಾಯ. ಮತ್ತೆ ಒತ್ತಿ, ಮತ್ತೆ ಬರುತ್ತದೆ. ಪೆಟ್ರೋಲ್ ಕಾರಿನಲ್ಲಾಗಿದ್ದರೆ ಎಂಜಿನ್ನಿನ ಗದ್ದಲದಲ್ಲಿ ಇದರ ಅರ್ಧಭಾಗ ಮುಚ್ಚಿಹೋಗುತ್ತಿತ್ತು. ಇಲ್ಲಿ ಮುಚ್ಚುವುದಕ್ಕೆ ಯಾವ ಸದ್ದೂ ಇಲ್ಲ.

ತಿರುಗುವ ಯಂತ್ರಗಳ ಕಂಪನ ಅಳೆಯುವುದೇ ನನ್ನ ವೃತ್ತಿಯಾಗಿತ್ತು. ಪಂಪು, ಫ್ಯಾನು, ಗೇರ್‌ಬಾಕ್ಸುಗಳ ಮೇಲೆ ಸೆನ್ಸರ್ ಕೂರಿಸಿ, ಯಾವ ಬೇರಿಂಗ್ ಸವೆದಿದೆ, ಯಾವ ಶಾಫ್ಟ್ ಸೊಟ್ಟಗಿದೆ ಎಂದು ಬಿಚ್ಚುವ ಮೊದಲೇ ಹೇಳುವ ಕೆಲಸ. ಆ ಅಭ್ಯಾಸದಿಂದ ಮೊದಲ ಬಾರಿಗೆ ನಡುಕ ಬಂದಾಗಲೇ ಪೆಡಲ್ ಒತ್ತಿ ಬಿಟ್ಟು ನೋಡಿದೆ. ಟೈರಿನ ಬ್ಯಾಲೆನ್ಸ್ ತಪ್ಪಿದ್ದರೆ ನಡುಕ ವೇಗಕ್ಕೆ ಅಂಟಿಕೊಂಡಿರುತ್ತದೆ. ಕಾಲೆತ್ತಿದರೂ ಆ ವೇಗ ಇರುವಷ್ಟು ಹೊತ್ತು ಇರುತ್ತದೆ. ಚಕ್ರದ ಬೇರಿಂಗ್ ಹೋಗಿದ್ದರೆ ಗುಂಯ್‌ಗುಡುವ ಸದ್ದು, ಅದೂ ಎಡಕ್ಕೆ ಬಲಕ್ಕೆ ವಾಲಿದಾಗ ಏರಿಳಿಯುತ್ತದೆ. ಆಕ್ಸಲಿನ ಹೊರಗಿನ ಜಾಯಿಂಟ್ ಸವೆದಿದ್ದರೆ ಪೂರ್ತಿ ಸ್ಟಿಯರಿಂಗ್ ತಿರುಗಿಸಿ ನಿಧಾನಕ್ಕೆ ಹೋಗುವಾಗ ಟಕಟಕ ಎನ್ನುತ್ತದೆ. ನೇರ ಹೋಗುವಾಗ, ಎಳೆತ ಇದ್ದಾಗ ಮಾತ್ರ ನಡುಗಿ, ಎಳೆತ ನಿಂತೊಡನೆ ನಿಲ್ಲುವುದು ಒಳಗಿನ ಜಾಯಿಂಟಿನ ಲಕ್ಷಣ.

ಈ ಒಳಗಿನ ಜಾಯಿಂಟಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ಅದು ಅರ್ಥವಾದರೆ ಸರ್ವಿಸ್ ಸೆಂಟರಿನಲ್ಲಿ ಯಾರೂ ನಿಮ್ಮನ್ನು ಸುಮ್ಮನೆ ವಾಪಸ್ ಕಳಿಸಲಾರರು. ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದು ಸಿವಿ ಜಾಯಿಂಟ್ (ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಸಮವೇಗದ ಕೀಲು) ಇರುತ್ತದೆ. ಚಕ್ರದ ಕಡೆಯದು ಸಾಮಾನ್ಯವಾಗಿ ಆರು ಗುಂಡುಗಳದ್ದು. ಆಲ್ಫ್ರೆಡ್ ರೆಜೆಪ್ಪಾ ಎಂಬ ಎಂಜಿನಿಯರ್ 1920ರ ದಶಕದಲ್ಲಿ ರೂಪಿಸಿದ ವಿನ್ಯಾಸದ ವಂಶದ್ದು, ಚಕ್ರ ಎಷ್ಟು ತಿರುಗಿದರೂ ಸಮವೇಗದಲ್ಲಿ ಶಕ್ತಿ ದಾಟಿಸುತ್ತದೆ. ಮೋಟರಿನ ಕಡೆಯದು ಬಹಳ ಕಾರುಗಳಲ್ಲಿ ಟ್ರೈಪಾಡ್. ನೂರಿಪ್ಪತ್ತು ಡಿಗ್ರಿ ಅಂತರದಲ್ಲಿ ಮೂರು ತೋಳು, ಪ್ರತಿ ತೋಳಿನ ಮೇಲೂ ಒಂದು ರೋಲರ್, ಆ ರೋಲರುಗಳು ಓಡಾಡಲು ಬಟ್ಟಲಿನಂಥ ಉಕ್ಕಿನ ಕವಚದೊಳಗೆ ಮೂರು ತೋಡು. ಚಕ್ರ ಮೇಲೆ ಕೆಳಗೆ ಆದಂತೆ ಶಾಫ್ಟಿನ ಉದ್ದ ಹೆಚ್ಚುಕಡಿಮೆಯಾಗಬೇಕಲ್ಲ, ಅದಕ್ಕೆ ಜಾಗ ಕೊಡುವುದು ಇದೇ ಜಾಯಿಂಟ್.

ಶಾಫ್ಟ್ ನೇರವಾಗಿದ್ದರೆ ರೋಲರುಗಳು ತೋಡಿನಲ್ಲಿ ಒಂದೇ ಕಡೆ ಕೂತಿರುತ್ತವೆ. ಶಾಫ್ಟ್ ಓರೆಯಾಗಿದ್ದರೆ ಪ್ರತಿ ಸುತ್ತಿಗೂ ಪ್ರತಿ ರೋಲರೂ ತೋಡಿನಲ್ಲಿ ಹಿಂದೆ ಮುಂದೆ ಓಡಬೇಕು. ಮೇಲೆ ಭಾರಿ ಟಾರ್ಕ್ (ತಿರುಗಿಸುವ ಬಲ) ಬಿದ್ದಾಗ ಆ ಓಟ ಘರ್ಷಣೆಯಾಗುತ್ತದೆ, ಘರ್ಷಣೆ ಶಾಫ್ಟನ್ನು ಅದರ ಉದ್ದಕ್ಕೂ ತಳ್ಳುತ್ತದೆ. ಮೂರು ರೋಲರ್, ಹಾಗಾಗಿ ಒಂದು ಸುತ್ತಿಗೆ ಮೂರು ತಳ್ಳು. ಓರೆ ಹೆಚ್ಚಿದಷ್ಟೂ, ಟಾರ್ಕ್ ಹೆಚ್ಚಿದಷ್ಟೂ ತಳ್ಳು ಜೋರು. ಕಾರು ಅಡ್ಡಡ್ಡ ಅದುರುವುದು ಇದರಿಂದಲೇ.

ಲೆಕ್ಕ ಹಾಕಿ ನೋಡಬಹುದು. ಟೈರಿನ ಸುತ್ತಳತೆ ಸುಮಾರು 2.25 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಸುಮಾರು 7.4 ಸುತ್ತು. ಅದರ ಮೂರರಷ್ಟು, ಸುಮಾರು 22 ಹರ್ಟ್ಸ್, ಅಂದರೆ ಸೆಕೆಂಡಿಗೆ 22 ತಳ್ಳು. ಮೊಬೈಲಿನೊಳಗಿನ ಸೆನ್ಸರ್‌ಗೇ ಇದು ಸಿಗುತ್ತದೆ. ಕಂಪನ ಅಳೆಯುವ ಒಂದು ಆ್ಯಪ್ ಹಾಕಿಕೊಂಡು, ಫೋನನ್ನು ಸೀಟಿನ ಹಳಿಗೆ ಬಿಗಿಯಾಗಿ ಕಟ್ಟಿ, ಪಕ್ಕದಲ್ಲಿ ಕೂತವರಿಂದ ದಾಖಲಿಸಿದರೆ ಗ್ರಾಫಿನಲ್ಲಿ ಆ ಜಾಗದಲ್ಲಿ ಮೊನೆ ಎದ್ದು ಕಾಣುತ್ತದೆ. ವೇಗ ಏರಿದಂತೆ ಮೊನೆಯೂ ಅದೇ ಅನುಪಾತದಲ್ಲಿ ಸರಿಯುತ್ತದೆ. ಟೈರ್ ಬ್ಯಾಲೆನ್ಸಿನ ಕಂಪನವಾಗಿದ್ದರೆ ಸುತ್ತಿಗೆ ಒಂದು, ಅಂದರೆ ಏಳರ ಆಸುಪಾಸು. ಎರಡಕ್ಕೂ ಗೊಂದಲವೇ ಇಲ್ಲ.

ಎಲೆಕ್ಟ್ರಿಕ್ ಕಾರಿನಲ್ಲೇ ಇದು ಯಾಕೆ ಜಾಸ್ತಿ ಕಾಡುತ್ತದೆ? ಮುಂದಿನ ಮೋಟರ್ 300 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟು, ಒಂದೇ ಗೇರಿನ ಅನುಪಾತ ಒಂಬತ್ತು ಎಂದಾದರೆ ಎರಡು ಶಾಫ್ಟುಗಳಿಗೆ ಸೇರಿ 2,700, ಒಂದೊಂದಕ್ಕೆ 1,350. ಪೆಟ್ರೋಲ್ ಕಾರೂ ಮೊದಲ ಗೇರಿನಲ್ಲಿ ಇಷ್ಟನ್ನು ಕೊಡಬಲ್ಲದು, ನಿಜ. ಅಲ್ಲಿ ಆರ್‌ಪಿಎಂ ಏರಬೇಕು, ಕ್ಲಚ್ ಜಾರಿ ಹಿಡಿಯಬೇಕು, ಟಾರ್ಕ್ ಮೆಟ್ಟಿಲೇರಿದ ಹಾಗೆ ಬರುತ್ತದೆ. ಇಲ್ಲಿ ಪೆಡಲ್ ಒತ್ತಿದ ಕೂಡಲೇ ಪೂರ್ತಿ ಬಂದು ಬೀಳುತ್ತದೆ. ಕಾಲೆತ್ತಿದರೆ ಮೋಟರ್ ಜನರೇಟರಾಗಿ ತಡೆಯುತ್ತದೆ, ಟಾರ್ಕಿನ ದಿಕ್ಕೇ ಬದಲಾಗುತ್ತದೆ. ರೋಲರ್ ತೋಡಿನ ಈ ಗೋಡೆ ಬಿಟ್ಟು ಆ ಗೋಡೆಗೆ ಒತ್ತಿಕೊಳ್ಳುತ್ತದೆ. ಊರೊಳಗಿನ ಓಡಾಟದಲ್ಲಿ ದಿನವೆಲ್ಲ ಇದೇ. ಎರಡೂ ಗೋಡೆ ಸವೆಯುತ್ತವೆ. ಇದರ ಮೇಲೆ ಏರ್ ಸಸ್ಪೆನ್ಷನ್: ಬಟನ್ ಒತ್ತಿ ಕಾರನ್ನು ಎತ್ತರಿಸಿದರೆ ಮೋಟರ್ ಮೇಲೇರುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ, ನಡುವಿನ ಶಾಫ್ಟ್ ಇನ್ನಷ್ಟು ಓರೆ. ಹಾಗಾಗಿ ಎತ್ತರದ ಸೆಟ್ಟಿಂಗಿನಲ್ಲಿ ಓಡಿಸಿದವರ ಕಾರು ಬೇಗ ನಡುಗುತ್ತದೆ.

ಇಷ್ಟೆಲ್ಲ ಬರೆದುಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಅಡ್ವೈಸರ್ ಮರ್ಯಾದೆಯಿಂದಲೇ ಮಾತಾಡಿದರು. ಸಂಜೆ ಕಾರು ವಾಪಸ್ ಬಂತು, ಜಾಬ್ ಕಾರ್ಡಿನಲ್ಲಿ ‘ದೋಷ ಕಂಡುಬಂದಿಲ್ಲ, ವೀಲ್ ಬ್ಯಾಲೆನ್ಸಿಂಗ್ ಮಾಡಲಾಗಿದೆ’ ಎಂದಿತ್ತು. ಕಾಣದಿರುವುದಕ್ಕೆ ಕಾರಣಗಳಿವೆ, ಮಾಲೀಕರು ಅದನ್ನು ತಿಳಿದಿರಬೇಕು. ಹೆದ್ದಾರಿಯ ವೇಗಕ್ಕೆ ಹೋದರೆ ಇಂಥ ಬಹಳಷ್ಟು ಕಾರುಗಳು ತಾವಾಗಿಯೇ ತಗ್ಗುತ್ತವೆ. ತಗ್ಗಿದರೆ ಶಾಫ್ಟ್ ನೇರವಾಗುತ್ತದೆ, ನಡುಕ ಅಡಗುತ್ತದೆ. ಬ್ಯಾಟರಿ ಚಾರ್ಜ್ ತೀರಾ ಇಳಿದಿದ್ದರೆ, ಅಥವಾ ತಣ್ಣಗಿದ್ದರೆ ಕಾರು ಪೂರ್ತಿ ಶಕ್ತಿ ಬಿಡುವುದಿಲ್ಲ. ಮೆದುವಾದ ಡ್ರೈವ್ ಮೋಡಿನಲ್ಲಿ ಓಡಿಸಿದರೂ ಅಷ್ಟೆ. ಸರ್ವಿಸ್ ಸೆಂಟರಿನ ಸುತ್ತಮುತ್ತ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಹೋಗಿ ಬಂದವರಿಗೆ ಇದು ಸಿಗುವುದೇ ಇಲ್ಲ.

ಮುಂದಿನ ಸಲ ಹೋದಾಗ ಆ ಹುಡುಗ ಸಿಕ್ಕಿದ. ‘ಸರ್, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಯಾವಾಗ ಒತ್ತಬೇಕು, ಎಷ್ಟು ಒತ್ತಬೇಕು ಹೇಳ್ತಾ ಹೋಗಿ, ನಾನು ಓಡಿಸ್ತೀನಿ’ ಎಂದ. ಎತ್ತರದ ಸೆಟ್ಟಿಂಗ್ ಇಟ್ಟು ಹೊರಟೆವು. ಮೊದಲ ಏರಿನಲ್ಲೇ ನಡುಕ ಬಂತು. ಅವನು ಕಾಲೆತ್ತಿ, ಮತ್ತೆ ಒತ್ತಿ, ‘ಇದು ಟೈರ್ ಅಲ್ಲ ಸರ್, ಇನ್ನರ್ ಜಾಯಿಂಟು’ ಎಂದ. ಅದನ್ನು ಅವನ ಬಾಯಿಂದ ಕೇಳಿದಾಗ ಆದ ಸಮಾಧಾನ ದೊಡ್ಡದು. ಕಾರನ್ನು ಲಿಫ್ಟ್ ಮೇಲೆ ಏರಿಸಿ, ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಎಷ್ಟು ಸಡಿಲ ಇದೆ ಎಂದು ತೋರಿಸಿದ. ಎರಡೂ ಶಾಫ್ಟ್ ಬದಲಾದ ಮೇಲೆ ಹಳೆಯದನ್ನು ಬಿಚ್ಚಿ, ಗ್ರೀಸ್ ಒರೆಸಿ, ತೋಡಿನ ಮೇಲೆ ಬೆರಳಿಡಿಸಿದ: ‘ಇಲ್ಲಿ ಉಗುರು ಓಡಿಸಿ ನೋಡಿ ಸರ್, ಸಿಕ್ಕಿಕೊಳ್ಳುತ್ತೆ.’ ಸಿಕ್ಕಿಕೊಂಡಿತು. ರೋಲರ್ ಹೊಡೆದು ಹೊಡೆದು ಮಾಡಿದ ತಗ್ಗು. ಗ್ರಾಹಕನಿಗೆ ಹಳೆಯ ಪಾರ್ಟ್ ತೋರಿಸುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ತಾನಾಗಿ ಮಾಡಿದ. ನಾನು ಕೊಟ್ಟ ಆ ಒಂದೂವರೆ ಅಂಕ ಇದಕ್ಕೆ.

ಕಾರು ಹೊಸದರಂತಾಯಿತು. ಕೆಲವು ತಿಂಗಳ ನಂತರ ನಡುಕ ಮತ್ತೆ ಬಂತು.

ನನಗೆ ಸಿಟ್ಟು ಬಂದದ್ದು ನಡುಕಕ್ಕಲ್ಲ, ಆಮೇಲೆ ನಡೆದದ್ದಕ್ಕೆ. ಆ ಹುಡುಗ ಬೇರೆ ಕಡೆಗೆ ವರ್ಗವಾಗಿದ್ದ. ಅಡ್ವೈಸರ್ ಹೊಸಬರು. ‘ವೈಬ್ರೇಶನ್ ಅಂತ ಬರ್ಕೊಳ್ಳಲಾ ಸರ್? ಮೊದಲು ಬ್ಯಾಲೆನ್ಸಿಂಗ್ ಮಾಡಿ ನೋಡ್ತೀವಿ’ ಎಂದರು. ಇದೇ ಕಾರಿಗೆ, ಇದೇ ಜಾಗದಲ್ಲಿ, ಇದೇ ಶಾಫ್ಟ್ ಬದಲಿಸಿದ್ದು ಅವರ ಕಂಪ್ಯೂಟರಿನಲ್ಲೇ ಇದೆ. ತೆಗೆದು ನೋಡುವ ಪದ್ಧತಿ ಇಲ್ಲ. ಪ್ರತಿ ಭೇಟಿಯೂ ಮೊದಲ ಭೇಟಿ. ಮರಳಿ ಬರುವ ದೋಷಕ್ಕೆ ಇದಕ್ಕಿಂತ ಕೆಟ್ಟ ಚಿಕಿತ್ಸೆ ಇಲ್ಲ, ಯಾಕೆಂದರೆ ಅದು ಮರಳಿ ಬಂದಿದೆ ಎಂಬುದೇ ಅತಿ ಮುಖ್ಯ ಮಾಹಿತಿ. ಹೊಸ ಪಾರ್ಟ್ ಇಷ್ಟು ಬೇಗ ಸವೆದಿದೆ ಎಂದರೆ ಪಾರ್ಟಿನ ಗುಣಮಟ್ಟದಲ್ಲೋ, ಶಾಫ್ಟಿನ ಕೋನದಲ್ಲೋ, ಗ್ರೀಸಿನಲ್ಲೋ ಕಾರಣ ಹುಡುಕಬೇಕು. ಅದೇ ಪಾರ್ಟನ್ನು ಅದೇ ಕೋನದಲ್ಲಿ ಮತ್ತೆ ಕೂರಿಸಿದರೆ ಅದೇ ದಾರಿಯಲ್ಲಿ ಅದೂ ಹೋಗುತ್ತದೆ.

ಬಿಲ್ಲುಗಳನ್ನು ಹರಡಿಕೊಂಡು ಕೂತು ನೋಡಿದೆ. ಹಳೆಯದರ ಪಾರ್ಟ್ ನಂಬರೂ ಹೊಸದರದೂ ಕೊನೆಯ ಅಕ್ಷರದವರೆಗೂ ಒಂದೇ. ವಿನ್ಯಾಸ ತಿದ್ದಿದಾಗ ಎಷ್ಟೋ ಕಂಪನಿಗಳು ಬದಲಿಸುವುದು ಆ ಕೊನೆಯ ಅಕ್ಷರವನ್ನೇ. ಅದನ್ನು ಮುಂದಿಟ್ಟು ‘ತಿದ್ದಿದ ಪಾರ್ಟ್ ಬಂದಿದೆಯಾ? ಬಂದಿದ್ದರೆ ನನಗ್ಯಾಕೆ ಹಾಕಿಲ್ಲ? ಬಂದಿಲ್ಲದಿದ್ದರೆ ಅದನ್ನೇ ಬರೆದುಕೊಡಿ’ ಎಂದು ಮೇಲ್ ಮಾಡಿದೆ. ಫೋನಿನಲ್ಲಿ ಸಿಗದ ಉತ್ತರ ಮೇಲ್‌ಗೆ ಸಿಕ್ಕಿತು. ತಿದ್ದಿದ ಪಾರ್ಟ್ ಇತ್ತು. ಅದನ್ನೇ ತರಿಸಿ ಹಾಕಿದರು.

ಜತೆಗೆ ಇನ್ನೊಂದು ಕೆಲಸವನ್ನೂ ಮಾಡಿದರು, ಅದನ್ನು ನನಗೆ ಹೇಳಲಿಲ್ಲ. ಮನೆಗೆ ಬಂದ ಮೇಲೆ ನೋಡಿದರೆ ಕಾರಿನ ಸಾಮಾನ್ಯ ಎತ್ತರ ಮೊದಲಿಗಿಂತ ಕೆಳಗಿದೆ. ಕೇಳಿದಾಗ ‘ಶಾಫ್ಟಿನ ಬಾಳಿಕೆಗೆ ಹಾಗೆ ಸೆಟ್ ಮಾಡಿದ್ದೇವೆ’ ಎಂದರು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಸರಿಯಾದ ಕ್ರಮ. ಕೋನ ಕಡಿಮೆಯಾದರೆ ಸವೆತ ಕಡಿಮೆ. ನಾನೇ ಆಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಕಾರು ಕೊಳ್ಳುವಾಗ ಎತ್ತರವನ್ನೂ ಪಿಕಪ್ಪನ್ನೂ ತೋರಿಸಿಯೇ ಮಾರಿದ್ದಾರೆ. ಸಾಫ್ಟ್‌ವೇರಿನಲ್ಲಿ ಎತ್ತರ ಇಳಿಸುವುದಾಗಲಿ, ಟಾರ್ಕ್ ತಗ್ಗಿಸುವುದಾಗಲಿ ಮಾಡಿದರೆ ಮಾಲೀಕನಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಹಂಪುಗಳನ್ನೂ ಹೊಂಡಗಳನ್ನೂ ದಾಟುವ ಅಂದಾಜು ಚಾಲಕನ ತಲೆಯಲ್ಲಿ ಹಳೆಯ ಎತ್ತರದ್ದೇ ಇರುತ್ತದೆ. ಕೆಳಗಿರುವುದು ಬ್ಯಾಟರಿ.

ಇದೇ ಕಾರು ಇಟ್ಟುಕೊಂಡಿರುವ ಡಾಕ್ಟರೊಬ್ಬರ ಪರಿಚಯವಾಯಿತು. ರಾತ್ರಿ ಪಾಳಿ ಮುಗಿಸಿ ಒಬ್ಬರೇ ಕಾರು ಓಡಿಸಿಕೊಂಡು ಬರುವವರು. ಅವರಿಗೆ ಸರ್ವಿಸ್ ಸೆಂಟರಿನವರು ಹೇಳಿದ್ದು: ‘ಎಲೆಕ್ಟ್ರಿಕ್ ಕಾರು ಅಂದ್ರೆ ಸ್ವಲ್ಪ ಹೀಗೇ ಮೇಡಂ, ಅಭ್ಯಾಸ ಆಗುತ್ತೆ.’ ಈ ಮಾತು ಸುಳ್ಳು, ನನಗೆ ಇದರಷ್ಟು ನೋವು ಕೊಟ್ಟದ್ದು ಬೇರೆ ಇಲ್ಲ. ಅವರ ಕಾರಿನಲ್ಲಿ ಕೂತು ಅದೇ ಫೋನ್ ಕಟ್ಟಿ ದಾಖಲಿಸಿದೆವು. ಒಂದು ಸುತ್ತಿಗೆ ಮೂರು, ನನ್ನ ಕಾರಿನದೇ ಮೊನೆ. ಆ ಚಿತ್ರವನ್ನು ಮೇಲ್‌ನಲ್ಲಿ ಕಳಿಸಿದ ಮೇಲೆ ಅಭ್ಯಾಸದ ಮಾತು ನಿಂತಿತು, ಶಾಫ್ಟ್ ಬಂತು. ಯಂತ್ರದ ಪರಿಚಯ ಇಲ್ಲದ ಮಾಲೀಕರು ಇಷ್ಟೆಲ್ಲ ಮಾಡಬೇಕಾಗಿ ಬರಲೇಬಾರದು. ಚಾಲಕರಿಗೆ ನಡುಕ ಗೊತ್ತಾಗುತ್ತಿದೆ ಎಂಬುದೇ ಸಾಕಾಗಬೇಕು.

ದೊಡ್ಡ ಕಂಪನಿಗಳು ಮರಳಿ ಬರುವ ದೋಷವನ್ನು ಬೇರೆ ರೀತಿಯಲ್ಲಿ ಎದುರಿಸಿದ ಉದಾಹರಣೆ ಇಲ್ಲದಿಲ್ಲ. ಟೆಸ್ಲಾ 2012ರಲ್ಲಿ ಮಾಡೆಲ್ ಎಸ್ ತಂದಾಗ ಆರಂಭದ ಕೆಲವು ಕಾರುಗಳ ಡ್ರೈವ್ ಯೂನಿಟ್ (ಮೋಟರ್, ಗೇರ್ ಸೇರಿದ ಘಟಕ) ಸದ್ದು ಮಾಡುತ್ತಿತ್ತು, ಕೆಲವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಬದಲಿಸಿಕೊಡಬೇಕಾಯಿತು. 2014ರ ಆಗಸ್ಟಿನಲ್ಲಿ ಕಂಪನಿ ಡ್ರೈವ್ ಯೂನಿಟ್ ವಾರಂಟಿಯನ್ನು ಬ್ಯಾಟರಿಯಷ್ಟೇ, ಅಂದರೆ ಎಂಟು ವರ್ಷ ಎಂದು ಬದಲಿಸಿತು; 85 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾದರಿಗೆ ಕಿಲೋಮೀಟರ್ ಮಿತಿಯೂ ಇರಲಿಲ್ಲ. ಆಗಲೇ ಮಾರಿದ್ದ ಕಾರುಗಳಿಗೂ ಅನ್ವಯಿಸಿತು. ಎಲೆಕ್ಟ್ರಿಕ್ ಮೋಟರ್ ಹೆಚ್ಚು ನಂಬಿಕಸ್ಥ ಎಂದು ನಾವೇ ಹೇಳುವುದಾದರೆ ವಾರಂಟಿಯೂ ಹಾಗೇ ಇರಬೇಕು ಎಂಬುದು ಇಲಾನ್ ಮಸ್ಕ್ ಕೊಟ್ಟ ಕಾರಣ. ಇದಾದ ಮೇಲೂ 2015ರ ಆಗಸ್ಟಿನಲ್ಲಿ ಆ ಕಾರಿನ ಪಿ85ಡಿ ಮಾದರಿಗೆ ನೂರಕ್ಕೆ 103 ಅಂಕ ಕೊಟ್ಟಿದ್ದ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ, ಮಾಲೀಕರ ಸಮೀಕ್ಷೆ ನೋಡಿ ಅದೇ ವರ್ಷದ ಅಕ್ಟೋಬರಿನಲ್ಲಿ ಮಾಡೆಲ್ ಎಸ್ ಮೇಲಿನ ಶಿಫಾರಸನ್ನು ಹಿಂತೆಗೆದುಕೊಂಡಿತು. ಮಾಲೀಕರ ದೂರುಗಳಲ್ಲಿ ಡ್ರೈವ್‌ಟ್ರೇನ್ ಕೂಡ ಇತ್ತು. ಓಡಿಸಿ ನೋಡಿದವರ ಅಂಕ ಒಂದು, ಇಟ್ಟುಕೊಂಡವರ ಅನುಭವ ಇನ್ನೊಂದು. ಎರಡೂ ನಿಜವಾಗಿರಬಹುದು, ನನ್ನ ಕಾರಿನ ವಿಷಯದಲ್ಲೂ ಹಾಗೆಯೇ.

ವಾರಂಟಿಯ ಸಂಗತಿಯನ್ನು ಗಮನವಿಟ್ಟು ಓದಿ. ಬ್ಯಾಟರಿಗೆ, ಎಷ್ಟೋ ಕಡೆ ಮೋಟರಿಗೂ ಎಂಟು ವರ್ಷ ಎಂದು ದಪ್ಪ ಅಕ್ಷರದಲ್ಲಿರುತ್ತದೆ. ಶಾಫ್ಟ್ ಮೋಟರಿಗೆ ಅಂಟಿಕೊಂಡೇ ಇದ್ದರೂ ಅದನ್ನು ಸಾಮಾನ್ಯವಾಗಿ ಅದರ ಭಾಗವೆಂದು ಎಣಿಸುವುದಿಲ್ಲ. ಅದು ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಅವಧಿಯ ಮೂಲ ವಾರಂಟಿಯಡಿ. ವಾರಂಟಿ ಮುಗಿಯುವ ಮೊದಲೇ ನಡುಕ ದಾಖಲಾಗಿದ್ದರೆ, ಮುಗಿದ ಮೇಲೆ ಮರಳಿ ಬಂದಾಗ ವಾದಿಸಲು ಆಧಾರ ಇರುತ್ತದೆ. ಹಾಗಾಗಿ ಜಾಬ್ ಕಾರ್ಡಿನಲ್ಲಿ ‘ವೈಬ್ರೇಶನ್’ ಎಂದಷ್ಟೇ ಬರೆಯಲು ಬಿಡಬೇಡಿ. ಎಷ್ಟು ವೇಗದಲ್ಲಿ, ಯಾವ ಎತ್ತರದಲ್ಲಿ, ಪೆಡಲ್ ಒತ್ತಿದಾಗ ಬರುತ್ತದೆ, ಬಿಟ್ಟಾಗ ಹೋಗುತ್ತದೆ ಎಂದು ನಿಮ್ಮ ಮಾತಿನಲ್ಲೇ ಬರೆಸಿ. ‘ದೋಷ ಕಂಡುಬಂದಿಲ್ಲ’ ಎಂದರೂ ಆ ಹಾಳೆಯನ್ನು ಜೋಪಾನ ಮಾಡಿ, ನಿಮ್ಮ ದೂರಿನ ದಿನಾಂಕ ಅದರಲ್ಲಿದೆ.

ಇನ್ನು ಮಾಲೀಕರ ಕೈಯಲ್ಲಿರುವುದು ಸ್ವಲ್ಪವೇ. ಎತ್ತರದ ಸೆಟ್ಟಿಂಗ್ ಹಾಳು ರಸ್ತೆಗೆ, ನಿಧಾನ ಓಟಕ್ಕೆ ಇರಲಿ. ಅದರಲ್ಲಿ ಜೋರು ಪಿಕಪ್ ಬೇಡ. ಟೈರ್ ಬದಲಿಸುವಾಗ ಶಾಫ್ಟಿನ ಎರಡೂ ತುದಿಯ ಜಾಯಿಂಟಿಗೆ ತೊಡಿಸಿದ ರಬ್ಬರ್ ಮುಸುಕನ್ನು, ಅಂದರೆ ಬೂಟ್ ಅನ್ನು, ನೋಡಿಸಿ. ಅದು ಹರಿದರೆ ಗ್ರೀಸ್ ಹೊರಗೆ, ಧೂಳು ಒಳಗೆ, ಆಮೇಲೆ ಯಾವ ವಿನ್ಯಾಸದ ಜಾಯಿಂಟೂ ಉಳಿಯುವುದಿಲ್ಲ. ಚಕ್ರದ ಒಳಮೈಯಲ್ಲೋ ಅದರ ಸುತ್ತಲೋ ಗ್ರೀಸ್ ಚಿಮ್ಮಿದ ಕಲೆ ಕಂಡರೆ ಬೂಟ್ ಹೋಗಿದೆ ಎಂದೇ ತಿಳಿಯಿರಿ.

ತಿದ್ದಿದ ಶಾಫ್ಟ್ ಹಾಕಿದ ಮೇಲೆ ನನ್ನ ಕಾರು ಈವರೆಗೆ ನಡುಗಿಲ್ಲ. ತಗ್ಗಿಸಿದ ಎತ್ತರವನ್ನು ಹಾಗೇ ಇಟ್ಟುಕೊಂಡಿದ್ದೇನೆ. ಆಗಾಗ ಫೋನ್ ಕಟ್ಟಿ ಅಳೆಯುತ್ತೇನೆ. ಸುತ್ತಿಗೆ ಮೂರರ ಮೊನೆ ಇದ್ದೇ ಇದೆ, ತೀರಾ ಚಿಕ್ಕದಾಗಿ. ಟ್ರೈಪಾಡ್ ಇರುವಲ್ಲಿ ಅದು ಪೂರ್ತಿ ಹೋಗುವುದಿಲ್ಲ, ಬೆಳೆಯುತ್ತಿದೆಯೇ ಎಂದು ನೋಡಿಕೊಂಡರೆ ಸಾಕು. ಕಾರನ್ನು ಮಾರುವ ಯೋಚನೆ ಇಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಥ ಕಾರು ನೋಡುತ್ತಿರುವವರು ಟೆಸ್ಟ್ ಡ್ರೈವಿಗೆ ಮೊದಲು ಚಾರ್ಜ್ ಅರ್ಧಕ್ಕಿಂತ ಮೇಲಿದೆಯೇ ನೋಡಿ, ಎತ್ತರವನ್ನು ನೀವೇ ಒಂದು ಮೆಟ್ಟಿಲು ಏರಿಸಿ, ಖಾಲಿ ನೇರ ರಸ್ತೆಯಲ್ಲಿ ನಲವತ್ತರಿಂದ ಎಂಬತ್ತಕ್ಕೆ ಒಮ್ಮೆ ಗಟ್ಟಿಯಾಗಿ ಪೆಡಲ್ ಒತ್ತಿ. ಸೀಟಿನ ಬುಡ ಅದುರಿದರೆ ಹಳೆಯ ಜಾಬ್ ಕಾರ್ಡುಗಳನ್ನು ಕೇಳಿ ಪಡೆಯಿರಿ, ಶಾಫ್ಟಿನ ಪಾರ್ಟ್ ನಂಬರನ್ನು ಕೊನೆಯ ಅಕ್ಷರದವರೆಗೂ ಓದಿ, ಆಮೇಲೆ ವ್ಯಾಪಾರದ ಮಾತಾಡಿ.